ದುಬೈಗೆ ಹೊರಟವರ ಚೀಲ ಒಮ್ಮೆ ಬಿಚ್ಚಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಶಾಲೆಗಳಿಗೆ ರಜೆ ಸಿಕ್ಕಿದ ಕೂಡಲೇ ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈ, ಅಬುಧಾಬಿಗೆ ಹೋಗುವ ವಿಮಾನಗಳು ತುಂಬುತ್ತವೆ. ಕೆಲಸಕ್ಕೆ ಹೋಗುವವರು ಒಂದು ಕಡೆ ಇರಲಿ, ಮಕ್ಕಳ ಮನೆಗೆಂದು ಮೊದಲ ಸಲ ಹೊರಡುವ ಅಪ್ಪ ಅಮ್ಮಂದಿರೂ ಅದರಲ್ಲಿ ಬೇಕಾದಷ್ಟು ಮಂದಿ. ಮಗ ಟಿಕೆಟ್ ಕಳಿಸಿರುತ್ತಾನೆ, ಸೊಸೆ ವೀಸಾದ ಕಾಗದ ವಾಟ್ಸಾಪಿಗೆ ಹಾಕಿರುತ್ತಾಳೆ, ಇವರು ಉಪ್ಪಿನಕಾಯಿ ಡಬ್ಬಕ್ಕೆ ನಾಲ್ಕು ಸುತ್ತು ಟೇಪು ಸುತ್ತಿ ಹೊರಟುಬಿಡುತ್ತಾರೆ. ಬುರ್ಜ್ ಖಲೀಫಾ 828 ಮೀಟರ್ ಎತ್ತರ ಅಂತ ಪ್ರವಾಸದ ಪುಟಗಳಲ್ಲಿ ಓದಿ ಓದಿ ಸಾಕಾಗಿದೆ. ಅಲ್ಲಿ ಇಳಿಯುವ ಮೊದಲು ಏನು ಗೊತ್ತಿರಬೇಕು ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಮಗಳ ಮನೆಗೆ ಆಗಾಗ ಹೋಗಿ ಬರುವವನಾಗಿ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ದಯವಿಟ್ಟು ಕತ್ತರಿಸಬೇಡಿ.

ನಮ್ಮ ಜಿಲ್ಲೆಯವರಿಗೆ ದುಬೈ ಅಂದರೆ ಒಂದು ಧೈರ್ಯ. "ಅಲ್ಲಿ ಎಲ್ಲ ನಮ್ಮವರೇ ಅಲ್ವಾ ಮಾರಾಯ್ರೆ" ಅನ್ನುತ್ತಾರೆ. ಮಾತು ಸುಳ್ಳಲ್ಲ. ದುಬೈ, ಅಬುಧಾಬಿ ಎಲ್ಲ ಸೇರಿದ ಯುಎಇ (ಸಂಯುಕ್ತ ಅರಬ್ ಎಮಿರೇಟ್ಸ್) ದೇಶದಲ್ಲಿ 30 ಲಕ್ಷಕ್ಕಿಂತ ಜಾಸ್ತಿ ಭಾರತೀಯರಿದ್ದಾರೆ, ಅಲ್ಲಿನ ಮೂಲದ ಅರಬರಿಗಿಂತ ಎಷ್ಟೋ ಹೆಚ್ಚು. ದುಬೈನ ಕರಾಮದ ಬೀದಿಯಲ್ಲಿ ನಡೆದರೆ ತುಳು, ಬ್ಯಾರಿ, ಕೊಂಕಣಿ ಕಿವಿಗೆ ಬೀಳುತ್ತದೆ, ಕುಚ್ಚಲಕ್ಕಿಗೂ ಬರ ಇಲ್ಲ. ಹಾಗಾಗಿ ಹಂಪನಕಟ್ಟೆಯಿಂದ ಕಂಕನಾಡಿಗೆ ಬಸ್ಸು ಹತ್ತಿದಷ್ಟೇ ಸಲೀಸು ಅಂದುಕೊಂಡು ಹೋಗುತ್ತಾರೆ. ಜನ ನಮ್ಮವರೇ, ಕಾನೂನು ಮಾತ್ರ ಅವರದ್ದು. ಗೊತ್ತಿರಲಿಲ್ಲ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ.

ಮೊದಲು ಚೀಲದ ವಿಷಯ. ಗಸಗಸೆ ಅಲ್ಲಿ ನಿಷೇಧ. ನಮಗೆ ಅದು ಪಾಯಸಕ್ಕೆ, ಕುರ್ಮಾಕ್ಕೆ ಹಾಕುವ ಬೀಜ, ಅವರ ಲೆಕ್ಕದಲ್ಲಿ ಅಫೀಮು ಗಿಡದ ಬೀಜ, ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಒಂದು ಹಿಡಿ ತಾನೇ ಅಂತ ಹೇಳಿ ಪ್ರಯೋಜನ ಇಲ್ಲ. ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಯಲ್ಲೂ ಅದು ಸೇರಿರುತ್ತದೆ, ಆದ್ದರಿಂದ ಪುಡಿ ಮಾಡುವಾಗಲೇ ನೆನಪಿರಬೇಕು. ವೀಳ್ಯದೆಲೆಯೂ ತರಬಾರದು. ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು ಅನ್ನುವ ಅಜ್ಜಂದಿರು ಇಲ್ಲಿಂದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗುವುದು ಒಳ್ಳೆಯದು, ಅಲ್ಲಿ ರಸ್ತೆಗೆ ಉಗಿದರೂ ದಂಡ. ಇನ್ನು ವಿಮಾನದ ನಿಯಮ ಬೇರೆ. ಎಣ್ಣೆ ಜಾಸ್ತಿ ಇರುವುದರಿಂದ ಒಣ ಕೊಬ್ಬರಿಗೆ ಬೇಗ ಬೆಂಕಿ ಹಿಡಿಯುತ್ತದೆ ಅಂತ ಚೆಕ್-ಇನ್ ಚೀಲದಿಂದ ತೆಗೆಸುತ್ತಾರೆ, ಕರ್ಪೂರವನ್ನೂ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ಕೆಲವು ನಿದ್ದೆ ಮಾತ್ರೆಗಳು, ಇವೆಲ್ಲ ಅಲ್ಲಿ ನಿಯಂತ್ರಣದಲ್ಲಿರುವ ಮದ್ದುಗಳು. ಬೇಕೇ ಬೇಕು ಅಂದರೆ ಹೊರಡುವ ಮೊದಲೇ ಅಲ್ಲಿನ ಸರಕಾರಕ್ಕೆ ಆನ್‌ಲೈನ್ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಬಿಪಿ, ಶುಗರ್ ಮಾತ್ರೆಗೆ ಅಷ್ಟು ತಲೆಬಿಸಿ ಇಲ್ಲ. ಆದರೂ ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆ ಅದರದ್ದೇ ಸ್ಟ್ರಿಪ್‌ನಲ್ಲಿರಲಿ. ನಮ್ಮ ಹಿರಿಯರು ಎಲ್ಲವನ್ನೂ ಬಿಡಿಸಿ ಒಂದೇ ಡಬ್ಬಕ್ಕೆ ಹಾಕಿ ಬಿಳಿಯದ್ದು ಬೆಳಿಗ್ಗೆ, ಕೆಂಪಿನದ್ದು ರಾತ್ರಿ ಅಂತ ಇಟ್ಟುಕೊಂಡಿರುತ್ತಾರೆ, ಅದನ್ನು ಕಸ್ಟಮ್ಸಿನವರಿಗೆ ವಿವರಿಸುವುದು ಹೇಗೆ?

ಇದೆಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸುವುದು ಬೇರೆಯವರ ಪ್ಯಾಕೆಟು. ದುಬೈಗೆ ಹೋಗುತ್ತಾರೆ ಅಂತ ಗೊತ್ತಾದರೆ ಸಾಕು, ಅಕ್ಕಪಕ್ಕದವರು, ಗುರುತಿನವರು, ಗುರುತಿನವರ ಗುರುತಿನವರು ಒಂದೊಂದು ಸಣ್ಣ ಕಟ್ಟು ಹಿಡಿದುಕೊಂಡು ಬರುತ್ತಾರೆ. "ನಮ್ಮ ಹುಡುಗ ಏರ್‌ಪೋರ್ಟಿಗೇ ಬಂದು ತೆಗೆದುಕೊಳ್ಳುತ್ತಾನೆ, ನಿಮಗೆ ಭಾರ ಇಲ್ಲ." ಇಲ್ಲ ಅನ್ನಲು ದಾಕ್ಷಿಣ್ಯ. ಒಳಗೆ ಏನಿದ್ದರೂ ಜವಾಬ್ದಾರಿ ಚೀಲದ ಮೇಲೆ ಯಾರ ಹೆಸರಿದೆಯೋ ಅವರದ್ದೇ, ಕೊಟ್ಟವರದ್ದಲ್ಲ. ತೆಗೆದುಕೊಂಡು ಹೋಗಲೇಬೇಕಾದರೆ ಕಟ್ಟು ಬಿಚ್ಚಿಸಿ, ಒಂದೊಂದಾಗಿ ನೋಡಿ, ನೀವೇ ಕಟ್ಟಿ. ಬಿಚ್ಚಲು ಒಪ್ಪದವರ ಕಟ್ಟು ಮುಟ್ಟಬೇಡಿ, ಸ್ವಂತ ಭಾವನೇ ಆಗಲಿ.

ವಾಪಸು ಬರುವಾಗಲೂ ಇದೇ ಕತೆ. ಊರಿಗೆ ಒಂದು ಇಸ್ತ್ರಿಪೆಟ್ಟಿಗೆ ಕೊಡಿ, ಒಂದು ಟಾರ್ಚ್ ಕೊಡಿ ಅಂತ ಅರ್ಧ ಪರಿಚಯದವರು ಬರುತ್ತಾರೆ. ಅಂಥ ಸಾಮಾನಿನ ಹೊಟ್ಟೆಯೊಳಗೆ ಚಿನ್ನ ಸಿಕ್ಕಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಬಂದಿಲ್ಲ? ಇನ್ನೊಂದು ತಪ್ಪು ನಂಬಿಕೆ, ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಆಭರಣ ಸುಂಕ ಇಲ್ಲದೆ ತರಬಹುದು ಅನ್ನುವುದು. ಆ ರಿಯಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ನೆಲೆಸಿ ಬರುವವರಿಗೆ. ಒಂದು ತಿಂಗಳು ಮೊಮ್ಮಗನನ್ನು ಆಡಿಸಿ ಬಂದವರಿಗೆ ಅಲ್ಲ. ಮೈಮೇಲೆ ಹಳೆಯ ಬಂಗಾರ ಹಾಕಿಕೊಂಡು ಹೋಗುವವರು ಹೊರಡುವಾಗಲೇ ಬಜ್ಪೆಯ ಕಸ್ಟಮ್ಸಿನಲ್ಲಿ ತೋರಿಸಿ ಚೀಟಿ ಮಾಡಿಸಿಕೊಂಡರೆ ಬರುವಾಗ ವಾದ ಇಲ್ಲ.

ಈಗ ಹೇಳುವುದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶ, ದೈವಸ್ಥಾನದ ಜೀರ್ಣೋದ್ಧಾರ, ಮಸೀದಿ ಕಟ್ಟಡ, ಇಗರ್ಜಿಯ ಶತಮಾನೋತ್ಸವ ಅಂದರೆ ಗಲ್ಫಿನ ದುಡ್ಡು ಇಲ್ಲದೆ ಆಗುವುದಿಲ್ಲ. ಮಗನ ಮನೆಗೆ ಹೊರಟ ಸಮಿತಿ ಸದಸ್ಯರು ರಸೀದಿ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಯುಎಇಯಲ್ಲಿ ಅನುಮತಿ ಇಲ್ಲದೆ ಸಾರ್ವಜನಿಕರಿಂದ ದೇಣಿಗೆ ಎತ್ತುವುದು ಅಪರಾಧ. 2021ರಲ್ಲಿ ಅದಕ್ಕೆಂದೇ ಇನ್ನಷ್ಟು ಬಿಗಿ ಕಾನೂನು ಬಂದಿದೆ, ದಂಡ ಲಕ್ಷಗಟ್ಟಲೆ ದಿರ್ಹಂ. ವಾಟ್ಸಾಪ್ ಗುಂಪಿನಲ್ಲಿ "ಕೈಲಾದಷ್ಟು ಕೊಡಿ" ಅಂತ ಬ್ಯಾಂಕ್ ಖಾತೆ ಸಂಖ್ಯೆ ಹಾಕುವುದೂ ಇದರಲ್ಲೇ ಬರುತ್ತದೆ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸಿಕ್ಕಿಬಿದ್ದರೆ ತೊಂದರೆ ನಿಮ್ಮೊಬ್ಬರಿಗೆ ಅಲ್ಲ, ಅಲ್ಲಿ ಕೆಲಸ ಮಾಡುವ ಮಗನಿಗೂ. ರಸೀದಿ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿ.

ಫೋನಿನದ್ದೂ ಹಾಗೆಯೇ. ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿಯವರು ಕರೆಗೆ ಬೋಟಿಮ್ ಅನ್ನುವ ಆ್ಯಪ್ ಬಳಸುತ್ತಾರೆ, ಇಲ್ಲಿಂದಲೇ ಮಕ್ಕಳ ಕೈಯಲ್ಲಿ ಹಾಕಿಸಿಕೊಳ್ಳಿ. ಊರಿನ ಗುಂಪಿನಲ್ಲಿ ಜಗಳ ಆಡುವ ಚಟ ಇದ್ದವರು ಸ್ವಲ್ಪ ದಿನ ಸುಮ್ನೆ ಇರುವುದು ಲೇಸು, ಮೆಸೇಜಿನಲ್ಲಿ ಬೈದರೂ ಕೇಸು ಆಗುವ ಊರು ಅದು, ಧರ್ಮದ ತಮಾಷೆಯಂತೂ ಬೇಡವೇ ಬೇಡ. ಗುರುತಿಲ್ಲದವರ ಫೋಟೋ, ಅದರಲ್ಲೂ ಹೆಂಗಸರದ್ದು, ಕೇಳದೆ ತೆಗೆಯಬಾರದು. ಮಾಲಿನಲ್ಲಿ ಒಬ್ಬರು ಅರಬ್ ಕುಟುಂಬವನ್ನು ಹಿಂದಿನಿಂದ ವಿಡಿಯೋ ಮಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ, ಮಗಳು ಹೋಗಿ ಮೆಲ್ಲಗೆ ಹೇಳಿ ನಿಲ್ಲಿಸಿದಳು.

ರಸ್ತೆಯಲ್ಲಿ ವಾಹನ ಬಲಗಡೆ ಓಡುತ್ತದೆ. ಇಲ್ಲಿ ನಾವು ಮೊದಲು ಬಲಕ್ಕೆ ನೋಡಿ ದಾಟುತ್ತೇವೆ, ಅಲ್ಲಿ ಮೊದಲು ಎಡಕ್ಕೆ ನೋಡಬೇಕು, ಅರವತ್ತು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಬದಲಾಗುವುದಿಲ್ಲ. ಜೀಬ್ರಾ ಗೆರೆ ಇಲ್ಲದ ಕಡೆ ದಾಟಿದರೆ 400 ದಿರ್ಹಂ ದಂಡ. ಮೆಟ್ರೋದಲ್ಲಿ ತಿಂದರೆ, ಕುಡಿದರೆ 100 ದಿರ್ಹಂ. ಹೆಂಗಸರು ಮಕ್ಕಳಿಗೆಂದೇ ಇರುವ ಬೋಗಿಗೆ ಹೆಂಡತಿಯ ಹಿಂದೆಯೇ ಹತ್ತುವ ಗಂಡಂದಿರಿಗೂ ಅಷ್ಟೇ. ಒಂದು ದಿರ್ಹಂಗೆ ಇಪ್ಪತ್ತಕ್ಕಿಂತ ಜಾಸ್ತಿ ರೂಪಾಯಿ, ಗುಣಿಸಿ ನೋಡಿ. ಆದರೆ ಪ್ರತಿ ಚಹಾಕ್ಕೂ ಗುಣಿಸಲು ಹೊರಟರೆ ಹೊಟ್ಟೆ ತುಂಬುವುದಿಲ್ಲ. ದುಬೈನಲ್ಲಿ ಅಗ್ಗದ ಸುಖವೂ ಇದೆ, ಊರಿನ ನಡುವಿನ ಖಾರಿಯ ಒಂದು ದಡದ ಬರ್ ದುಬೈಯಿಂದ ಇನ್ನೊಂದು ದಡದ ದೇರಾಕ್ಕೆ ಅಬ್ರಾ ದೋಣಿಯಲ್ಲಿ ಒಂದೇ ದಿರ್ಹಂಗೆ ದಾಟಬಹುದು. ಸಂಜೆ ಹೊತ್ತು ಹೋಗಿ, ಅಷ್ಟು ಚಂದ ಇನ್ನೊಂದಿಲ್ಲ.

ರಂಜಾನಿನಲ್ಲಿ ಹೋದರೆ ಹಗಲು ಬೀದಿಯಲ್ಲಿ ತಿನ್ನುವುದು, ನೀರು ಕುಡಿಯುವುದು ಬೇಡ. ಹೋಟೆಲಿನ ಒಳಗೆ ಅಡ್ಡಿ ಇಲ್ಲ. ಅರಬ್ ಹೆಂಗಸರಿಗೆ ನಾವಾಗಿ ಕೈ ಚಾಚಬಾರದು, ಅವರು ಚಾಚಿದರೆ ಮಾತ್ರ ಕುಲುಕುವುದು. ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರೆ ಸಾಕು. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಎಲ್ಲ ಧರ್ಮದವರನ್ನೂ ಬಿಡುತ್ತಾರೆ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಹಾಕಬೇಕು. ಹೆಂಗಸರು ಮೈ ತುಂಬಾ ಬಟ್ಟೆ, ತಲೆಗೆ ಶಾಲು. 2024ರ ಫೆಬ್ರವರಿಯಲ್ಲಿ ತೆರೆದ ಅಬುಧಾಬಿಯ ಹಿಂದೂ ಮಂದಿರದಲ್ಲೂ ಉಡುಪಿನ ನಿಯಮ ಇದೆ. ಉಡುಪಿ ಮಠಕ್ಕೆ ಹೋಗಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುವಕರಿಗೆ ಒಂದೇ ಮಾತು. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸಕ್ಕೆ ಸೇರಿಕೋ ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಆ ವೀಸಾದಲ್ಲಿ ಕೆಲಸ ಮಾಡುವುದೇ ಅಪರಾಧ, ಅವಧಿ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಂ ದಂಡ ಏರುತ್ತಾ ಹೋಗುತ್ತದೆ. ಏಜೆಂಟರಿಗೆ ಪರವಾನಗಿ ಇದೆಯೋ ಅಂತ ನಮ್ಮ ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅಲ್ಲಿ ತೊಂದರೆಗೆ ಸಿಕ್ಕಿಬಿದ್ದವರಿಗೆ ಭಾರತ ಸರಕಾರದ ಸಹಾಯವಾಣಿ 800 46342. ಪೊಲೀಸ್ 999, ಆಂಬುಲೆನ್ಸ್ 998. ಬರೆದಿಟ್ಟುಕೊಳ್ಳಿ.

ಕೊನೆಗೆ ವಿಮಾನ ನಿಲ್ದಾಣದವರಿಗೆ ಒಂದು ಕೋರಿಕೆ. ತೆಗೆದುಕೊಂಡು ಹೋಗಬಾರದ ವಸ್ತುಗಳ ಪಟ್ಟಿಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ, ಚಿತ್ರದ ಸಮೇತ ಹಾಕಿ. ಚೆಕ್-ಇನ್ ಕೌಂಟರಿನ ಎದುರು ಅಲ್ಲ, ಹೊರಗೆ ಕಾರು ಇಳಿಯುವ ಜಾಗದಲ್ಲಿ. ಬಿಡಲು ಬಂದ ಮನೆಯವರು ಆಗ ಇನ್ನೂ ಜೊತೆಗಿರುತ್ತಾರೆ, ಬೇಡದ್ದನ್ನು ಅವರ ಕೈಗೆ ಕೊಟ್ಟು ಒಳಗೆ ಹೋಗಬಹುದು.

ಇಂತಿ,
ನಿಮ್ಮ ಹಳೆಯ ಓದುಗ, ಸುರತ್ಕಲ್