ಸೀಸ ಎಂದು ಹೇಳಿ ಉಕ್ಕು ಕಳಿಸಿದ್ದೀರಿ, ಸರಿಯಿದ್ದ ಲೆಕ್ಕವನ್ನೂ ತಿದ್ದಿದ್ದೀರಿ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸ್ಯಾಶ್ ಕಿಟಕಿಗೆ (ಮೇಲೆ ಕೆಳಗೆ ಸರಿಯುವ ಕಿಟಕಿಗೆ) ತರಿಸಿದ ಎಂಟು ತೂಕದ ಸರಳುಗಳನ್ನು ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ಹೋದ ತಿಂಗಳು ನಿಮ್ಮಿಂದ ಎಂಟು ತೂಕದ ಸರಳು ತರಿಸಿದ್ದೆ. ಆರ್ಡರ್ ಸಂಖ್ಯೆ ಜೊತೆಗಿಟ್ಟ ರಸೀದಿಯಲ್ಲಿದೆ. ಫೋನಿನಲ್ಲಿ ಮೂರು ಸಲ ಮಾತಾಡಿದ್ದಾಯಿತು. ಪ್ರತಿ ಸಲವೂ ಬೇರೆಯವರು ಎತ್ತಿಕೊಂಡರು, ಪ್ರತಿ ಸಲವೂ ನಾನು ಮೊದಲಿನಿಂದ ಕಥೆ ಶುರು ಮಾಡಬೇಕಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಿದೆ, ಆದರೂ ಪೂರ್ತಿ ಓದಿ.

ನಮ್ಮದು ಹಳೆಯ ಮನೆ. ಎರಡು ಕಿಟಕಿಗಳು ಮೇಲೆ ಕೆಳಗೆ ಸರಿಯುವಂಥವು. ಒಂದೊಂದರಲ್ಲಿ ಎರಡು ಗಾಜಿನ ಕದ. ಪ್ರತಿ ಕದದ ಎರಡೂ ಬದಿಗೆ ಹಗ್ಗ. ಹಗ್ಗ ರಾಟೆಯ ಮೇಲೆ ಹಾದು ಚೌಕಟ್ಟಿನ ಪಕ್ಕದ ಪೊಳ್ಳು ಪೆಟ್ಟಿಗೆಗೆ ಇಳಿಯುತ್ತದೆ, ಅದರ ತುದಿಗೆ ತೂಕದ ಸರಳು. ಕದ ಮೇಲೇರಿದರೆ ಸರಳು ಕೆಳಗೆ, ಕದ ಇಳಿದರೆ ಸರಳು ಮೇಲೆ. ತಕ್ಕಡಿ ಇದ್ದ ಹಾಗೆ. ಸರಳಿನ ತೂಕ ಸರಿಯಿದ್ದರೆ ಕದ ಬಿಟ್ಟಲ್ಲಿ ನಿಲ್ಲುತ್ತದೆ, ಒಂದು ಬೆರಳಲ್ಲಿ ಎತ್ತಬಹುದು. ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಾಗಿ ಬಂದಿದ್ದೇ ಬೇಜಾರು. ಇದನ್ನೇ ಮಾರುವವರು ನೀವಲ್ವಾ?

ಹಳೆಯ ಸರಳುಗಳು ಬೀಡು ಕಬ್ಬಿಣದವು, ಒಂದೊಂದೂ ಸುಮಾರು 4.3 ಕೆಜಿ. ಅವು ಕೆಟ್ಟಿರಲಿಲ್ಲ. ಕೆಟ್ಟಿದ್ದು ಗಾಜು. ಮೊದಲು 3 ಮಿ.ಮೀ. ದಪ್ಪದ ಒಂಟಿ ಗಾಜಿತ್ತು. ಅದನ್ನು ತೆಗೆಸಿ ಒಂದೊಂದೂ 4 ಮಿ.ಮೀ. ಇರುವ ಎರಡು ಪದರದ ಗಾಜು ಕೂರಿಸಿದೆವು. ಒಂದು ಚದರ ಮೀಟರ್ ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ನಮ್ಮ ಗಾಜು 60 ಸೆಂ.ಮೀ. ಚೌಕ. ಮೊದಲು 2.7 ಕೆಜಿ ಇದ್ದದ್ದು ಈಗ 7.2 ಕೆಜಿ. ಹಳೆಯ ಸರಳಿಗೆ ಈ ಭಾರ ಎಳೆಯಲು ಆಗುವುದಿಲ್ಲ, ಬಿಟ್ಟರೆ ಕದ ಧಡ್ ಎಂದು ಬೀಳುತ್ತದೆ. ಹಾಗಾಗಿ ಹೊಸ ಸರಳು ಬೇಕಾಯಿತು.

ಅಂದಾಜಿನಲ್ಲಿ ಆರ್ಡರ್ ಕೊಟ್ಟವನಲ್ಲ ನಾನು. ಗಾಜು ಕೂರಿಸಿ, ಬಣ್ಣ ಒಣಗಿದ ಮೇಲೆ ನಾಲ್ಕೂ ಕದಗಳನ್ನು ತಕ್ಕಡಿಗೆ ಹಾಕಿದೆ. ಬಣ್ಣವೂ ತೂಗುತ್ತದೆ, ಅದಕ್ಕೇ ಕಾದೆ. ಮೇಲಿನ ಕದಗಳು 12.8 ಕೆಜಿ, ಕೆಳಗಿನವು 13.2 ಕೆಜಿ. ಕೆಳಗಿನದರ ತಳದ ಪಟ್ಟಿ ಅಗಲ, ಆದ್ದರಿಂದ ಸ್ವಲ್ಪ ಜಾಸ್ತಿ. ನಾನು ಬರೆದುಕೊಟ್ಟದ್ದು ಹೀಗೆ: ಮೇಲಿನ ಕದಗಳಿಗೆ 6.6 ಕೆಜಿಯ ನಾಲ್ಕು, ಕೆಳಗಿನವಕ್ಕೆ 6.4 ಕೆಜಿಯ ನಾಲ್ಕು. ಸೀಸದವು. ದಪ್ಪ 38 ಮಿ.ಮೀ., ಉದ್ದ 60 ಸೆಂ.ಮೀ. ಮೀರಬಾರದು. ಗಿಣಿಗೆ ಹೇಳಿದ ಹಾಗೆ ಒಂದೊಂದನ್ನೂ ಬರೆದಿದ್ದೆ.

ಬಂದದ್ದು ನೋಡಿ. ಮೇಲಿನ ಕದದ ಚೀಟಿ ಅಂಟಿಸಿದ ಸರಳಿನ ಮೇಲೆ 6.4, ಕೆಳಗಿನದರ ಮೇಲೆ 6.6. ತಿರುಗುಮುರುಗು! ಪ್ಯಾಕಿಂಗ್ ಮಾಡುವಾಗ ಚೀಟಿ ಬದಲಾಗಿರಬೇಕು ಎಂದುಕೊಂಡು ಫೋನ್ ಮಾಡಿದೆ. ನಿಮ್ಮವರು ಖುಷಿಯಿಂದ ಹೇಳಿದರು, “ಸರ್, ನೀವು ಬರೆದದ್ದರಲ್ಲಿ ತಪ್ಪಿತ್ತು, ಭಾರದ ಕದಕ್ಕೆ ಕಡಿಮೆ ತೂಕ ಹಾಕಿದ್ದಿರಿ, ನಾವೇ ಸರಿ ಮಾಡಿ ಕಳಿಸಿದೆವು.”

ಸ್ವಾಮಿ, ಅದು ತಪ್ಪಲ್ಲ. ಬೇಕೆಂದೇ ಹಾಗೆ ಬರೆದದ್ದು. ಮೇಲಿನ ಕದ ಮುಚ್ಚಿದಾಗ ಮೇಲೆ ಒತ್ತಿಕೊಂಡಿರಬೇಕು, ಆದ್ದರಿಂದ ಅದರ ಎರಡು ಸರಳು ಸೇರಿ ಕದಕ್ಕಿಂತ ಒಂಚೂರು ಭಾರ ಇರಬೇಕು. ಕೆಳಗಿನ ಕದ ಮುಚ್ಚಿದಾಗ ಹೊಸ್ತಿಲಿಗೆ ಒತ್ತಿಕೊಂಡಿರಬೇಕು, ಆದ್ದರಿಂದ ಅದರ ಸರಳು ಕದಕ್ಕಿಂತ ಒಂಚೂರು ಹಗುರ ಇರಬೇಕು. ಹಾಗಾಗಿ ಮೇಲಿನದಕ್ಕೆ ಅರ್ಧ ತೂಕಕ್ಕಿಂತ 200 ಗ್ರಾಂ ಜಾಸ್ತಿ, ಕೆಳಗಿನದಕ್ಕೆ ಅರ್ಧಕ್ಕಿಂತ 200 ಗ್ರಾಂ ಕಡಿಮೆ ಕೇಳಿದ್ದೆ. ನೀವು ಕದದ ತೂಕವನ್ನು ಎರಡರಿಂದ ಭಾಗಿಸಿ ಕಳಿಸಿದ್ದೀರಿ. ಲೆಕ್ಕದ ಪುಸ್ತಕದಲ್ಲಿ ಅದು ಸರಿ, ಕಿಟಕಿಯಲ್ಲಿ ಅಲ್ಲ. ಈಗ ಒಂದು ಗಾಳಿ ಬಂದರೆ ಸಾಕು, ಎರಡೂ ಕದ ಗಡಗಡ ಅನ್ನುತ್ತವೆ. ಬೆಳಗ್ಗೆ ಎದ್ದು ನೋಡಿದರೆ ಮೇಲಿನ ಕದ ಬೆರಳು ತೂರುವಷ್ಟು ಕೆಳಗೆ ಜಾರಿರುತ್ತದೆ. ಅನುಮಾನ ಬಂದಿದ್ದರೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳದೆ ತಿದ್ದಿದ್ದೇ ನನಗೆ ಸಿಟ್ಟು ತರಿಸಿದ್ದು.

ಸರಿ, ಬರೀ ಅದಲು ಬದಲು ಆಗಿದ್ದರೆ ನಾನೇ ಸರಳು ಬದಲಾಯಿಸಿ ಸುಮ್ನೆ ಇರುತ್ತಿದ್ದೆ. ದೊಡ್ಡ ವಿಷಯ ಬೇರೆ ಇದೆ.

ಇವು ಸೀಸವೇ ಅಲ್ಲ. ಪೊಟ್ಟಣ ಬಿಚ್ಚಿದಾಗಲೇ ಉದ್ದ ಕಂಡು ಅನುಮಾನ ಬಂತು. ಅಳೆದರೆ ಸುಮಾರು 74 ಸೆಂ.ಮೀ. ಬಾಗಿಲಿಗೆ ಹಾಕುವ ಚಿಕ್ಕ ಅಯಸ್ಕಾಂತ ಮನೆಯಲ್ಲಿತ್ತು, ತಂದು ಹಿಡಿದೆ. ಟಪ್ ಎಂದು ಅಂಟಿಕೊಂಡಿತು. ಸೀಸಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಇದು ಮಕ್ಕಳಿಗೂ ಗೊತ್ತು. ಬೂದು ಬಣ್ಣ ಕೆರೆದು ನೋಡಿದೆ, ಒಳಗೆ ಉಕ್ಕು. ರಸೀದಿಯಲ್ಲಿ ಮಾತ್ರ ‘ಸೀಸದ ಸರಳು’ ಎಂದಿದೆ, ದುಡ್ಡು ತೆಗೆದುಕೊಂಡದ್ದೂ ಸೀಸದ ದರದಲ್ಲೇ.

ಎರಡನೇ ಫೋನಿನಲ್ಲಿ ನಿಮ್ಮವರು, “ತೂಕ ಒಂದೇ ಅಲ್ವಾ ಸರ್, ಯಾವುದಾದರೇನು?” ಎಂದು ಕೇಳಿದರು. ಉತ್ತರ ಇಲ್ಲಿದೆ. ಒಂದು ಘನ ಸೆಂ.ಮೀ. ಸೀಸ 11.3 ಗ್ರಾಂ ತೂಗುತ್ತದೆ. ಅಷ್ಟೇ ಉಕ್ಕು 7.85 ಗ್ರಾಂ, ಬೀಡು ಕಬ್ಬಿಣ 7.2ರ ಆಸುಪಾಸು. 38 ಮಿ.ಮೀ. ದಪ್ಪದಲ್ಲಿ 6.6 ಕೆಜಿ ಬೇಕೆಂದರೆ ಸೀಸ 51 ಸೆಂ.ಮೀ.ಗೆ ಮುಗಿಯುತ್ತದೆ, ಉಕ್ಕು 74ಕ್ಕೆ ಹೋಗುತ್ತದೆ, ಬೀಡು ಕಬ್ಬಿಣ 80 ದಾಟುತ್ತದೆ. ಬೀಡು ಸಾಕಾಗುವಂತಿದ್ದರೆ ಕಡಿಮೆ ದುಡ್ಡಿಗೆ ಅದನ್ನೇ ಕೊಳ್ಳುತ್ತಿದ್ದೆ.

ಪೆಟ್ಟಿಗೆಯೊಳಗೆ ರಾಟೆಯಿಂದ ತಳದವರೆಗೆ ಇರುವುದು 138 ಸೆಂ.ಮೀ. ಮೇಲೆ ಗಂಟಿಗೆ ನಾಲ್ಕು ಸೆಂ.ಮೀ. ಬಿಡಬೇಕು. ಕದ ಪೂರ್ತಿ ತೆರೆಯಲು 70 ಸೆಂ.ಮೀ. ಓಡಬೇಕು, ಅಂದರೆ ಸರಳೂ 70 ಸೆಂ.ಮೀ. ಇಳಿಯಬೇಕು. ಸರಳಿಗೆ ಉಳಿಯುವ ಜಾಗ 64. ನಿಮ್ಮದು 74. ಹತ್ತು ಸೆಂ.ಮೀ. ಮೊದಲೇ ಸರಳು ತಳಕ್ಕೆ ಹೋಗಿ ಕೂರುತ್ತದೆ. ಕೂತ ಮೇಲೆ ಹಗ್ಗ ಸಡಿಲ, ಕದದ 13 ಕೆಜಿ ಪೂರ್ತಿ ಎತ್ತಿದವರ ಕೈ ಮೇಲೆ. ಇದು ಗೊತ್ತಿಲ್ಲದೆ ಮೊದಲ ದಿನ ಪೂರ್ತಿ ಎತ್ತಿ ಕೈ ಬಿಟ್ಟೆ. ಹತ್ತು ಸೆಂ.ಮೀ. ಕೆಳಗೆ ಧೊಪ್ಪೆಂದು ಬಿತ್ತು. ಹೆಬ್ಬೆರಳು ನಡುವೆ ಸಿಕ್ಕಿ ಉಗುರು ಕಪ್ಪಾಗಿದೆ, ಇನ್ನೂ ಹೋಗಿಲ್ಲ.

ಹಾಗಾದರೆ ದಪ್ಪ ಸರಳು ಹಾಕಿ ಉದ್ದ ಕಡಿಮೆ ಮಾಡಿ ಅನ್ನಬಹುದು. ಅದೂ ಆಗುವುದಿಲ್ಲ. ಪೆಟ್ಟಿಗೆಯ ಮಧ್ಯೆ ಒಂದು ತೆಳು ಮರದ ಪಟ್ಟಿ ತೂಗುಬಿಟ್ಟಿರುತ್ತದೆ, ಮೇಲಿನ ಕದದ ಸರಳು ಕೆಳಗಿನದರ ಸರಳಿಗೆ ಬಡಿಯದಿರಲಿ ಎಂದು. ನಮ್ಮದರಲ್ಲಿ ಒಂದೊಂದು ಪಾಲಿಗೆ ಇರುವುದು 45 ಮಿ.ಮೀ. 40ಕ್ಕಿಂತ ದಪ್ಪ ಇಳಿಸಿದರೆ ಮರಕ್ಕೆ ಉಜ್ಜುತ್ತದೆ.

ಮೂರನೇ ಫೋನಿನಲ್ಲಿ ಸಿಕ್ಕ ಸಲಹೆ ಇನ್ನೂ ಚೆನ್ನಾಗಿತ್ತು: “ಉದ್ದ ಜಾಸ್ತಿಯಾದರೆ ಕತ್ತರಿಸಿಕೊಳ್ಳಿ ಸರ್.” 74ನ್ನು 60ಕ್ಕೆ ಇಳಿಸಿದರೆ ಒಂದೊಂದು ಸರಳಿನಲ್ಲಿ ಸುಮಾರು 1.25 ಕೆಜಿ ಹೋಗುತ್ತದೆ. ಜೋಡಿಗೆ ಎರಡೂವರೆ ಕೆಜಿ. ತೂಕಕ್ಕೆಂದು ಕೊಂಡ ವಸ್ತುವಿನಿಂದ ತೂಕವನ್ನೇ ಕತ್ತರಿಸಿ ಎಸೆಯಬೇಕಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದೇ ಫೋನಿನಲ್ಲಿ, “ಹಾಗಾದರೆ ಮನೆಯಲ್ಲೇ ಸೀಸ ಕರಗಿಸಿ ಹೊಯ್ದುಕೊಳ್ಳಿ” ಎಂದೂ ಹೇಳಿದರು. ದಯವಿಟ್ಟು ಈ ಮಾತನ್ನು ಇನ್ನೊಬ್ಬ ಗ್ರಾಹಕರಿಗೆ ಹೇಳಬೇಡಿ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಡುಗೆ ಒಲೆಯ ಮೇಲೂ ಕರಗಬಹುದು. ಅಪಾಯ ಇರುವುದೇ ಅಲ್ಲಿ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೆ ಅದು ಆವಿಯಾಗಿ ಬಿಸಿ ಸೀಸ ಮುಖಕ್ಕೆ ಸಿಡಿಯುತ್ತದೆ. ಹೊಗೆ, ಧೂಳು ಮೈ ಸೇರಿದರೆ ವಿಷ, ಮಕ್ಕಳಿದ್ದ ಮನೆಯಲ್ಲಂತೂ ಬೇಡವೇ ಬೇಡ.

ನಿಮ್ಮ ಬಳಿ ಬರುವ ಮೊದಲು ಬೇರೆ ದಾರಿ ಹುಡುಕಲಿಲ್ಲ ಅಂತಲ್ಲ. ಪೈಪಿಗೆ ಸೀಸದ ಸಣ್ಣ ಗುಂಡು ತುಂಬಿ ಎರಡೂ ಕಡೆ ಮುಚ್ಚುವುದು ಒಂದು ಯೋಚನೆ. ಕೇಳಲು ಚಂದ. ಆದರೆ ಗುಂಡುಗಳ ನಡುವೆ ಗಾಳಿ ಉಳಿಯುತ್ತದೆ, ಮೂರನೇ ಒಂದು ಪಾಲಿಗಿಂತ ಜಾಸ್ತಿ ಜಾಗ ಖಾಲಿ. ಲೆಕ್ಕ ಹಾಕಿದರೆ ಬೀಡು ಕಬ್ಬಿಣದಷ್ಟೇ ಉದ್ದ ಬರುತ್ತದೆ. ಕಾಂಕ್ರೀಟ್ ಅಂತೂ ಕಬ್ಬಿಣದ ಮೂರನೇ ಒಂದು ಪಾಲು ತೂಕ. ಹಾಗೆ ಸುತ್ತಿ ಸುತ್ತಿ ಕೊನೆಗೆ ನಿಮ್ಮ ಬಳಿ ಬಂದದ್ದು.

ಇನ್ನು ಎರಡು ಸಣ್ಣ ವಿಷಯ. ಸಣ್ಣ ಅಂದರೂ ಬಿಡುವಂಥವಲ್ಲ. 6.6 ಎಂದು ಚೀಟಿ ಇರುವ ಒಂದು ಜೋಡಿಯನ್ನು ತೂಗಿದೆ. ಒಂದು 6.45, ಇನ್ನೊಂದು 6.75. 300 ಗ್ರಾಂ ವ್ಯತ್ಯಾಸ! ಪಕ್ಕಪಕ್ಕ ನಿಲ್ಲಿಸಿದರೆ ಕಣ್ಣಿಗೇ ಕಾಣುತ್ತದೆ, ಒಂದು ಮೂರು ಸೆಂ.ಮೀ. ಉದ್ದ. ಒಂದು ಬದಿ ಜಾಸ್ತಿ ಎಳೆದರೆ ಕದ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಕೊಕ್ಕೆ. ಸರಳಿನ ತಲೆಗೆ ಕೊಕ್ಕೆ ತಿರುಗಿಸಿ ಕೂರಿಸಿದ್ದೀರಿ, ತಿರುಪು ಎರಡೇ ಸುತ್ತು ಹಿಡಿದಿದೆ. ನಾಲ್ಕನೇ ದಿನ ಒಂದು ಕಳಚಿ ಸರಳು ಪೆಟ್ಟಿಗೆಯೊಳಗೆ ಬಿತ್ತು. ರಾತ್ರಿ ಹನ್ನೊಂದಕ್ಕೆ ಆ ಸದ್ದಿಗೆ ಇಡೀ ಮನೆ ಎದ್ದು ಕೂತಿತು. ಕಿಂಡಿಯ ಮುಚ್ಚಳ ತೆಗೆದು, ಸರಳನ್ನು ಓರೆಯಾಗಿ ಎಳೆದು ಹೊರತೆಗೆಯಲು ಮಾರನೇ ದಿನ ಅರ್ಧ ಹೊತ್ತು ಹೋಯಿತು.

ಸದ್ಯಕ್ಕೆ ಒಂದೇ ಕಿಟಕಿಗೆ ಹಾಕಿ ನೋಡಿದ್ದೇನೆ. ಉಳಿದ ನಾಲ್ಕು ಸರಳು ಪೊಟ್ಟಣದಲ್ಲೇ ಇವೆ. ಎಲ್ಲದರ ಫೋಟೋ ಇಟ್ಟಿದ್ದೇನೆ: ಅಯಸ್ಕಾಂತ ಅಂಟಿದ್ದು, ಟೇಪು ಹಿಡಿದದ್ದು, ತಕ್ಕಡಿಯ ಅಂಕಿ, ನಿಮ್ಮ ಚೀಟಿ.

ನನಗೆ ಬೇಕಾದದ್ದು ಇಷ್ಟು. ನಾನು ಮೊದಲು ಬರೆದ ಅಳತೆಯಲ್ಲೇ ಸೀಸದ ಎಂಟು ಸರಳು ಕಳಿಸಿ. ಮೇಲಿನ ಕದಕ್ಕೆ 6.6, ಕೆಳಗಿನದಕ್ಕೆ 6.4, ದಯವಿಟ್ಟು ಮತ್ತೆ ತಿದ್ದಬೇಡಿ. ಒಂದು ಜೋಡಿಯೊಳಗೆ 50 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹಗ್ಗಕ್ಕೆ ಕೊಕ್ಕೆ ಬೇಡ, ಸರಳಿನಲ್ಲೇ ತೂತು ಇರಲಿ. ಉಕ್ಕಿನ ಸರಳುಗಳನ್ನು ನಿಮ್ಮ ಖರ್ಚಿನಲ್ಲೇ ತೆಗೆದುಕೊಂಡು ಹೋಗಿ. ‘ಗ್ರಾಹಕರೇ ವಾಪಸ್ ಕಳಿಸಬೇಕು’ ಎಂಬ ನಿಮ್ಮ ನಿಯಮ ಓದಿದ್ದೇನೆ. ಎಂಟೂ ಸೇರಿ 52 ಕೆಜಿ, ಅದನ್ನು ಹೊತ್ತು ಪಾರ್ಸೆಲ್ ಕಚೇರಿಗೆ ಹೋಗುವವನು ನಾನಲ್ಲ, ತಪ್ಪೂ ನನ್ನದಲ್ಲ. ನಿಮ್ಮಲ್ಲಿ ಸೀಸದ್ದು ಇಲ್ಲದಿದ್ದರೆ ಇಲ್ಲ ಎಂದು ನೇರವಾಗಿ ಹೇಳಿ, ಸಾಗಣೆಯ ಖರ್ಚೂ ಸೇರಿಸಿ ಪೂರ್ತಿ ಹಣ ವಾಪಸ್ ಮಾಡಿ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಫೋನ್ ಬೇಡ, ನಾಲ್ಕನೇ ಸಲ ಕಥೆ ಹೇಳಲು ತಾಳ್ಮೆಯಿಲ್ಲ. ಉತ್ತರ ಬರದಿದ್ದರೆ ಇದೇ ಪತ್ರ, ಫೋಟೋ, ರಸೀದಿ ಎಲ್ಲ ಸೇರಿಸಿ ಗ್ರಾಹಕರ ದೂರು ಕೇಳುವವರ ಮುಂದೆ ಇಡುತ್ತೇನೆ.

ಅಲ್ಲಿಯವರೆಗೆ ಕೆಳಗಿನ ಕದಕ್ಕೆ ಒಂದು ಕೋಲು ಕೊಟ್ಟು ನಿಲ್ಲಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ

ಜೊತೆಗೆ: ರಸೀದಿಯ ಪ್ರತಿ, ನಾನು ಬರೆದುಕೊಟ್ಟ ಅಳತೆಯ ಪ್ರತಿ, ಒಂಬತ್ತು ಫೋಟೋ