ವೈಪರ್ ತಾನಾಗಿ ಓಡಲಿ, ಲಿವರ್ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಮಳೆ ಬಿದ್ದ ಕೂಡಲೇ ತಾನಾಗಿ ಓಡುವ ವೈಪರ್ ಈಗ ಅಪರೂಪದ ಸವಲತ್ತೇನಲ್ಲ. ಆದರೆ ಅದಕ್ಕೆ ಮಳೆಯ ಸುಳಿವು ಸಿಗುವುದು ಹೇಗೆಂದು ಕಾರು ಕೊಂಡವರಿಗೆ ಯಾರೂ ಹೇಳಿಕೊಡುವುದಿಲ್ಲ. ನಾನೂ ತೊಂದರೆಗೆ ಸಿಕ್ಕಿದ ಮೇಲೆಯೇ ಕಲಿತದ್ದು.

ಒಡೆದ ಮುಂಗಾಜನ್ನು ಬದಲಿಸಿದ ಮಾರನೆಯ ದಿನದಿಂದ ನನ್ನ ಕಾರಿನ ವೈಪರ್ ಬಿಸಿಲಿನಲ್ಲಿ ಒಣಗಾಜನ್ನು ಕಿರ್ರೆಂದು ಉಜ್ಜತೊಡಗಿತು. ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುವ ಸೆನ್ಸರ್, ಅತಿಗೆಂಪು ಬೆಳಕನ್ನು ಸುಮಾರು 45 ಡಿಗ್ರಿ ಕೋನದಲ್ಲಿ ಗಾಜಿನೊಳಕ್ಕೆ ಹಾಯಿಸುತ್ತದೆ. ಗಾಜು ಒಣಗಿದ್ದರೆ ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ, ಹನಿ ಕೂತಿದ್ದರೆ ಒಂದಷ್ಟು ಹೊರಕ್ಕೆ ಸೋರಿಹೋಗುತ್ತದೆ, ಆ ಕೊರತೆಯನ್ನು ನೋಡಿಯೇ ವೈಪರಿನ ವೇಗ ನಿರ್ಧಾರವಾಗುತ್ತದೆ. ಸೆನ್ಸರಿಗೂ ಗಾಜಿಗೂ ನಡುವಿನ ಜೆಲ್ ಪ್ಯಾಡಿನಲ್ಲಿ ಗಾಳಿ ಸೇರಿಕೊಂಡರೆ ಈ ಲೆಕ್ಕವೇ ತಪ್ಪುತ್ತದೆ. ಟಾರ್ಚ್ ಹಿಡಿದು ನೋಡಿದಾಗ ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಕಂಡವು. ಹೊಸ ಪ್ಯಾಡ್ ಕೂರಿಸಿದ ಮೇಲೆ ಎಲ್ಲ ಸರಿಹೋಯಿತು. ಸವೆದ ರಬ್ಬರ್ ಗಾಜಿನ ಮೇಲೆ ಬಿಟ್ಟ ನೀರಿನ ಗೆರೆಯೂ ಸೆನ್ಸರಿನ ಪಾಲಿಗೆ ಮಳೆಯೇ. ಕಾರು ತೊಳೆಯುವಾಗ ಆಟೋ ಆಫ್ ಮಾಡದಿದ್ದರೆ, ಗಾಜು ಒರೆಸುವವರ ಬೆರಳಿಗೆ ಪೆಟ್ಟು ಬೀಳಬಹುದು.

ದುರಸ್ತಿಯಾಗುವವರೆಗೆ ನಾನು ನೆಮ್ಮದಿಯಿಂದ ಓಡಾಡಿದ್ದು ಸ್ಟಿಯರಿಂಗ್ ಪಕ್ಕದ ಲಿವರ್ ಇದ್ದುದರಿಂದ: ರಸ್ತೆಯಿಂದ ಕಣ್ಣು ತೆಗೆಯದೆ, ಬೆರಳಿನಿಂದ ತಳ್ಳಿದರೆ ಸಾಕಿತ್ತು. ವೈಪರ್ ಹೇಗೂ ತಾನಾಗಿ ಓಡುತ್ತದಲ್ಲ ಎಂದು ಈಗ ಕೆಲವು ಕಾರುಗಳಲ್ಲಿ ವೇಗದ ಆಯ್ಕೆಯನ್ನು ಟಚ್‌ಸ್ಕ್ರೀನಿನ ಮೆನುವಿನೊಳಗೆ ಇಟ್ಟಿದ್ದಾರೆ. ಜರ್ಮನಿಯಲ್ಲಿ ಜೋರು ಮಳೆಯಲ್ಲಿ ಇಂಥದೇ ಸ್ಕ್ರೀನಿನಲ್ಲಿ ವೈಪರಿನ ವೇಗ ಬದಲಿಸಲು ಹೋದ ಚಾಲಕನೊಬ್ಬ ರಸ್ತೆ ಬಿಟ್ಟು ಮರಗಳಿಗೆ ಗುದ್ದಿದ. ಅವನಿಗೆ ವಿಧಿಸಿದ್ದ 200 ಯೂರೋ ದಂಡ ಮತ್ತು ಒಂದು ತಿಂಗಳ ಚಾಲನಾ ನಿಷೇಧವನ್ನು ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಚಾಲಕ ಶಿಕ್ಷೆ ಅನುಭವಿಸಿದ, ಸರಿ. ಅಂಥ ವಿನ್ಯಾಸ ಮಾಡಿದವರ ಪಾಲೇನು? 1903ರಲ್ಲಿ ಮೇರಿ ಆಂಡರ್ಸನ್ ಪೇಟೆಂಟ್ ಪಡೆದ ವೈಪರಿನ ಹಿಡಿಕೆ ಕೂಡ ಚಾಲಕನ ಕೈಗೇ ಎಟಕುವಂತಿತ್ತು.

ಸೆನ್ಸರ್ ಬೇಡವೆಂದು ನಾನು ಹೇಳುತ್ತಿಲ್ಲ. ಗಾಜು ಬದಲಿಸುವವರು ಜೆಲ್ ಪ್ಯಾಡನ್ನು ಪರೀಕ್ಷಿಸಿಯೇ ಕಾರನ್ನು ಹಿಂದಿರುಗಿಸಬೇಕು, ತಯಾರಕರು ವೈಪರಿನ ಎಲ್ಲ ವೇಗಗಳನ್ನೂ ಲಿವರಿನಲ್ಲಿಯೇ ಉಳಿಸಬೇಕು ಎಂಬುದಷ್ಟೇ ನನ್ನ ಕೋರಿಕೆ.

– ಓರ್ವ ಕಾರು ಚಾಲಕ