ಹಳೆಯ ಹಾಲಿವುಡ್ ಹಾಸ್ಯಚಿತ್ರಗಳ ಮಾತಿನ ಸೊಗಸು

ಮಾನ್ಯ ಸಂಪಾದಕರೇ,

1930ರ ದಶಕದ ಹಾಲಿವುಡ್‌ನ 'ಸ್ಕ್ರೂಬಾಲ್' ಹಾಸ್ಯಚಿತ್ರಗಳ, ಅಂದರೆ ಹುಚ್ಚಾಟದ ಪ್ರಸಂಗಗಳೂ ಗಂಡುಹೆಣ್ಣಿನ ಮಾತಿನ ಚಕಮಕಿಯೂ ತುಂಬಿದ ಪ್ರಣಯ ಹಾಸ್ಯಚಿತ್ರಗಳ, ಪ್ರಸ್ತಾಪ ಬಂದಾಗಲೆಲ್ಲ, ಆರ್ಥಿಕ ಮಹಾಕುಸಿತದಿಂದ ಕಂಗೆಟ್ಟಿದ್ದ ಜನ ಶ್ರೀಮಂತರ ಹುಚ್ಚಾಟ ನೋಡಿ ತಮ್ಮ ಕಷ್ಟ ಮರೆಯುತ್ತಿದ್ದರು ಎಂದು ಹೇಳಿ ಮುಗಿಸುವ ವಾಡಿಕೆಯಿದೆ. ಅದು ಸುಳ್ಳಲ್ಲ. ಆದರೆ ಆ ಕುಸಿತವನ್ನಾಗಲಿ ಅಮೆರಿಕವನ್ನಾಗಲಿ ಕಾಣದ ನನ್ನಂಥವರೂ ಈ ಕಪ್ಪುಬಿಳುಪು ಚಿತ್ರಗಳನ್ನು ಇಂದಿಗೂ ನಗುತ್ತ ನೋಡುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನನ್ನ ಮಟ್ಟಿಗೆ ಉತ್ತರವಿರುವುದು ಅವುಗಳ ಸಂಭಾಷಣೆಯಲ್ಲಿ, ಅದರಲ್ಲೂ ಹೆಣ್ಣು ಗಂಡಿಗೆ ಸರಿಸಮನಾಗಿ, ಹಲವೊಮ್ಮೆ ಒಂದು ಕೈ ಮೇಲಾಗಿಯೇ, ಮಾತಿಗೆ ಮಾತು ಕೊಡುವ ರೀತಿಯಲ್ಲಿ.

ಹೊವಾರ್ಡ್ ಹಾಕ್ಸ್ ನಿರ್ದೇಶನದ 'ಹಿಸ್ ಗರ್ಲ್ ಫ್ರೈಡೇ' (1940) ಚಿತ್ರವನ್ನೇ ನೋಡಿ. ಮೂಲ ನಾಟಕದಲ್ಲಿ ಗಂಡಸಾಗಿದ್ದ ವರದಿಗಾರನ ಪಾತ್ರವನ್ನು ಹಾಕ್ಸ್ ಹೆಣ್ಣಾಗಿಸಿ, ಆಕೆಯನ್ನು ಸಂಪಾದಕನ ವಿಚ್ಛೇದಿತ ಪತ್ನಿಯನ್ನಾಗಿ ಮಾಡಿದರು. ಅಷ್ಟರಿಂದಲೇ ಪತ್ರಿಕಾ ಕಚೇರಿಯ ಜಗಳ ಸಂಸಾರದ ಜಗಳವೂ ಆಯಿತು. ವರದಿಗಾರ್ತಿಯಾಗಿ ರೋಸಲಿಂಡ್ ರಸೆಲ್, ಸಂಪಾದಕನಾಗಿ ಕ್ಯಾರಿ ಗ್ರಾಂಟ್; ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಕೊನೆಯ ಭಾಗದಲ್ಲಿ ಆಕೆ ಟೈಪ್‌ರೈಟರಿನಲ್ಲಿ ಮುಳುಗಿ, ಮದುವೆಯಾಗಬೇಕಿದ್ದ ವಿಮಾ ಏಜೆಂಟನ ಅಳಲಿಗೆ ಕಿವಿಗೊಡದೆ ಸುದ್ದಿ ಬರೆಯುತ್ತಿದ್ದರೆ, ಪಕ್ಕದಲ್ಲೇ ಸಂಪಾದಕ ಫೋನಿನಲ್ಲಿ ಮುಖಪುಟ ಖಾಲಿ ಮಾಡಿಸುತ್ತಿರುತ್ತಾನೆ: ಹಿಟ್ಲರನನ್ನು ನಗೆಪುಟಕ್ಕೆ ತಳ್ಳುವ ಆತ, ಹುಂಜದ ಸುದ್ದಿಯನ್ನು ಮಾತ್ರ ಮುಟ್ಟಬೇಡಿ ಎನ್ನುತ್ತಾನೆ. (ಈ ದೃಶ್ಯವನ್ನು ತಮ್ಮ ಸುದ್ದಿಮನೆಯವರು ಒಮ್ಮೆಯಾದರೂ ನೋಡಬೇಕೆಂದು ಸವಿನಯವಾಗಿ ಸೂಚಿಸುತ್ತೇನೆ.)

ಮಾತಿಗೆ ಇಷ್ಟು ಬಲ ಬಂದುದಕ್ಕೆ ಸೆನ್ಸಾರಿನ ಬಿಗಿಯೂ ಒಂದು ಕಾರಣ. 1934ರ ಮಧ್ಯಭಾಗದಿಂದ ಹಾಲಿವುಡ್‌ನ ನಿರ್ಮಾಣ ಸಂಹಿತೆ (ತೆರೆಯ ಮೇಲೆ ಏನನ್ನು ತೋರಿಸಬಾರದೆಂದು ಚಿತ್ರೋದ್ಯಮವೇ ಹಾಕಿಕೊಂಡ ನಿಯಮಾವಳಿ) ಕಟ್ಟುನಿಟ್ಟಾಗಿ ಜಾರಿಗೆ ಬಂದು, ಪ್ರಣಯವನ್ನು ನೇರವಾಗಿ ತೋರಿಸುವ ದಾರಿ ಮುಚ್ಚಿಹೋದಾಗ, ಬರಹಗಾರರು ಆ ಸೆಳೆತವನ್ನೆಲ್ಲ ವಾಗ್ವಾದದೊಳಗೆ ತುಂಬಿದರು. ಬೇರೆಯಾದ ದಂಪತಿ ಮತ್ತೆ ಒಂದಾಗುವ ಕಥೆಗಳು ಇಲ್ಲಿ ಹೇರಳವಾಗಿರುವುದೂ ಆಕಸ್ಮಿಕವಲ್ಲ. ಒಮ್ಮೆ ಮದುವೆಯಾಗಿದ್ದವರ ಮಾತಿನಲ್ಲಿ ಸಲುಗೆಯಿದ್ದರೆ ಅದು ಸಹಜವೆನಿಸುತ್ತದೆ. ಆ ಬಿಗಿ ಬರುವುದಕ್ಕೆ ಕೆಲವೇ ತಿಂಗಳ ಹಿಂದೆ ತೆರೆಕಂಡ ಫ್ರಾಂಕ್ ಕಾಪ್ರಾ ಅವರ 'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರವೂ ಈ ಸಂಯಮವನ್ನು ಆಗಲೇ ಬಲ್ಲದು. ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟ ಒಂದು ಕಂಬಳಿ, ಅದರ ಆಚೀಚೆ ಮಲಗಿ ಮಾತನಾಡುವ ಇಬ್ಬರು. ಅದಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ಇವೆಲ್ಲವೂ ನಿರ್ದೋಷ ಕೃತಿಗಳೆಂದು ನಾನು ಹೇಳುತ್ತಿಲ್ಲ. 'ಮೈ ಮ್ಯಾನ್ ಗಾಡ್‌ಫ್ರೀ' (1936) ಚಿತ್ರದ ಆರಂಭದಲ್ಲಿ, ಸಿರಿವಂತರು ತಮ್ಮ ಪಂದ್ಯ ಗೆಲ್ಲಲು ಕಸದ ತಿಪ್ಪೆಯಿಂದ ಒಬ್ಬ ನಿರ್ಗತಿಕನನ್ನು ಹೆಕ್ಕಿ ತರುವ ದೃಶ್ಯ ಇಂದಿಗೂ ಚುಚ್ಚುತ್ತದೆ; ಆದರೆ ಅದೇ ತಿಪ್ಪೆಯ ಜಾಗದಲ್ಲಿ ನೈಟ್‌ಕ್ಲಬ್ ಕಟ್ಟಿ ನಿರುದ್ಯೋಗಿಗಳ ಬವಣೆ ನೀಗಿಸುವ ಮುಕ್ತಾಯ ತೀರಾ ಅಗ್ಗದ್ದು.

ಕಾಪ್ರಾ ಅವರ ಚಿತ್ರದ ಎಳೆ ನಮ್ಮವರಿಗೆ ಹೊಸದಲ್ಲ. ರಾಜ್ ಕಪೂರ್ ಮತ್ತು ನರ್ಗಿಸ್ ಅಭಿನಯದ 'ಚೋರಿ ಚೋರಿ' (1956), ಆಮಿರ್ ಖಾನರ 'ದಿಲ್ ಹೈ ಕಿ ಮಾನ್ತಾ ನಹೀ' (1991) ಅದರಿಂದಲೇ ಹುಟ್ಟಿದವು. ಹೀಗಿದ್ದೂ, ವಿಶ್ವ ಸಿನಿಮಾ ಎಂದೊಡನೆ ಬರ್ಗ್‌ಮನ್, ಕುರೊಸಾವಾ ಹೆಸರುಗಳನ್ನು ಜಪಿಸುವ ನಮ್ಮ ಫಿಲ್ಮ್ ಸೊಸೈಟಿಗಳು ನಗಿಸುವ ಚಿತ್ರಗಳನ್ನು ಪ್ರದರ್ಶನಕ್ಕೆ ಆರಿಸುವುದು ಅಪರೂಪ. 'ಹಿಸ್ ಗರ್ಲ್ ಫ್ರೈಡೇ' ಮತ್ತು 'ಮೈ ಮ್ಯಾನ್ ಗಾಡ್‌ಫ್ರೀ' ಎರಡರ ಹಕ್ಕುಸ್ವಾಮ್ಯವೂ ಅಮೆರಿಕದಲ್ಲಿ ನವೀಕರಣವಾಗದೆ ಕಳೆದುಹೋಗಿದ್ದು, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಸಿಗದಿರುವುದು ಕನ್ನಡದ ಉಪಶೀರ್ಷಿಕೆ. ಅಷ್ಟು ವೇಗದ ಮಾತನ್ನು ಎರಡು ಸಾಲಿಗೆ ಇಳಿಸುವುದು ಸುಲಭವಲ್ಲ. ನಾಟಕಗಳ ಅನುವಾದದಲ್ಲಿ ಪಳಗಿದ ಕೈಗಳಿಗೆ ಸೊಸೈಟಿಗಳು ಆ ಕೆಲಸವನ್ನು ಸಂಭಾವನೆ ಕೊಟ್ಟು ಒಪ್ಪಿಸಲಿ ಎಂಬುದು ನನ್ನ ಕೋರಿಕೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಧಾರವಾಡ